ಕಮ್ಯುನಿಟಿ ಕಾಲೇಜು ವರ್ಗಾವಣೆ

ಕಮ್ಯುನಿಟಿ ಕಾಲೇಜು ವರ್ಗಾವಣೆ ಎಂದರೆ ಅಮೆರಿಕ ಸಂಯುಕ್ತ ಸಂಸ್ಥಾನದ ವಿದ್ಯಾರ್ಥಿಯು ಎರಡು ವರ್ಷಗಳ ಸ್ಥಳೀಯ ಕಾಲೇಜಿನಲ್ಲಿ ಓದು ಆರಂಭಿಸಿ, ಅಲ್ಲಿ ಗಳಿಸಿದ ಕ್ರೆಡಿಟ್‌ಗಳೊಂದಿಗೆ ವಿಶ್ವವಿದ್ಯಾಲಯವನ್ನು ಸೇರುವ ಕ್ರಮ. ಇಲಿನಾಯ್ ರಾಜ್ಯದಲ್ಲಿ 1901ರಲ್ಲಿ ಸ್ಥಾಪನೆಯಾದ ಜೋಲಿಯೆಟ್ ಜೂನಿಯರ್ ಕಾಲೇಜು ಇಂದಿಗೂ ನಡೆಯುತ್ತಿರುವ ಇಂತಹ ಸಾರ್ವಜನಿಕ ಕಾಲೇಜುಗಳಲ್ಲಿ ಅತ್ಯಂತ ಹಳೆಯದು. ಇವುಗಳ ಶುಲ್ಕ ಕಡಿಮೆ. ಪ್ರವೇಶ ಬಹುತೇಕ ಎಲ್ಲರಿಗೂ ಮುಕ್ತ.

ಸುಮಾರು 60 ಕ್ರೆಡಿಟ್‌ಗಳನ್ನು ಪೂರೈಸಿದವರಿಗೆ ಅಸೋಸಿಯೇಟ್ ಪದವಿ ದೊರೆಯುತ್ತದೆ. ಅನಂತರ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಿ ಸ್ನಾತಕ ಪದವಿಯನ್ನೂ, ಮುಂದೆ ಡಾಕ್ಟರೇಟನ್ನೂ ಪಡೆಯಬಹುದು. ಕ್ಯಾಲಿಫೋರ್ನಿಯಾದಲ್ಲಿ 1960ರ ಉನ್ನತ ಶಿಕ್ಷಣ ಯೋಜನೆಯು ಈ ಮಾರ್ಗಕ್ಕೆ ಪ್ರಮುಖ ಸ್ಥಾನ ನೀಡಿತು. ಅದೇ ರಾಜ್ಯದ ಕಾಲೇಜ್ ಆಫ್ ಸ್ಯಾನ್ ಮಟೇಯೊದಲ್ಲಿ, ವಿಯೆಟ್ನಾಂ ಯುದ್ಧದ ಸೇವೆಯಿಂದ ಮರಳಿದ ಮೇಲೆ ಓದಲಾರಂಭಿಸಿದ ಕ್ರೇಗ್ ವೆಂಟರ್ 1975ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಮುಂದೆ ಮಾನವ ಜೀನೋಮ್ ಸಂಶೋಧನೆಯಿಂದ ಪ್ರಸಿದ್ಧರಾದರು.

ವರ್ಗಾವಣೆಯ ಉದ್ದೇಶದಿಂದ ಸೇರಿದವರಲ್ಲಿ ಅನೇಕರು ಸ್ನಾತಕ ಪದವಿಯವರೆಗೂ ತಲುಪುವುದಿಲ್ಲ. ವಿಶ್ವವಿದ್ಯಾಲಯವು ಒಂದು ಕೋರ್ಸಿನ ಕ್ರೆಡಿಟ್‌ಗಳನ್ನು ಒಪ್ಪಿಕೊಂಡರೂ ಮುಖ್ಯ ವಿಷಯದ ಬದಲು ಐಚ್ಛಿಕ ವಿಷಯದ ಲೆಕ್ಕಕ್ಕೆ ಸೇರಿಸಬಹುದು. ಆಗ ವಿದ್ಯಾರ್ಥಿಯು ಅದೇ ಪಾಠವನ್ನು ಮತ್ತೆ ಶುಲ್ಕ ತೆತ್ತು ಓದಬೇಕಾಗುತ್ತದೆ. ಇದನ್ನು ತಪ್ಪಿಸಲು ಕಾಲೇಜುಗಳು ಮತ್ತು ವಿಶ್ವವಿದ್ಯಾಲಯಗಳು ಮೊದಲೇ ಒಪ್ಪಂದ ಮಾಡಿಕೊಳ್ಳುತ್ತವೆ. ಡಾಕ್ಟರೇಟ್ ಬಯಸುವವರಿಗೆ ಮತ್ತೊಂದು ತೊಡಕಿದೆ: ಪ್ರವೇಶಕ್ಕೆ ಬೇಕಾದ ಸಂಶೋಧನಾ ಅನುಭವ ಹಾಗೂ ಪ್ರಾಧ್ಯಾಪಕರ ಶಿಫಾರಸು ಪತ್ರಗಳನ್ನು ಸಾಮಾನ್ಯವಾಗಿ ಉಳಿದ ಎರಡೇ ವರ್ಷಗಳಲ್ಲಿ ಗಳಿಸಬೇಕಾಗುತ್ತದೆ.