ಸರಳ ಪಠ್ಯ ಲೆಕ್ಕಪತ್ರ ತಂತ್ರಾಂಶಗಳಲ್ಲಿ ಇಂಪೋರ್ಟರ್ ಪರೀಕ್ಷೆ

ಬ್ಯಾಂಕಿನಿಂದ ಇಳಿಸಿಕೊಂಡ ಸ್ಟೇಟ್‌ಮೆಂಟ್ ಕಡತವನ್ನು ಓದಿ, ಅದರ ಒಂದೊಂದು ಸಾಲನ್ನೂ ಜಮಾ-ಖರ್ಚಿನ ನಮೂದಾಗಿ ಬರೆದುಕೊಡುವ ಪುಟ್ಟ ಪ್ರೋಗ್ರಾಮಿಗೆ ಇಂಪೋರ್ಟರ್ ಎನ್ನುತ್ತಾರೆ. ಅದು ಬರೆದದ್ದನ್ನು ಮೊದಲೇ ಒಪ್ಪಿಟ್ಟುಕೊಂಡ ನಮೂದುಗಳೊಂದಿಗೆ ತಾಳೆ ನೋಡುವುದೇ ಇಂಪೋರ್ಟರ್ ಪರೀಕ್ಷೆ.

ಲೆಕ್ಕವನ್ನು ಯಾವ ಎಡಿಟರಿನಲ್ಲಾದರೂ ತೆರೆಯಬಹುದಾದ ಪಠ್ಯ ಕಡತದಲ್ಲಿಡುವ ಈ ಪದ್ಧತಿಗೆ ನಾಂದಿಯಾದದ್ದು 2003ರಲ್ಲಿ ಜಾನ್ ವೀಗ್ಲಿ ಬರೆದ ಲೆಡ್ಜರ್. 2007ರಲ್ಲಿ ಸೈಮನ್ ಮೈಕೆಲ್ ಹ್ಯಾಸ್ಕೆಲ್ ಭಾಷೆಯಲ್ಲಿ ಎಚ್‌ಲೆಡ್ಜರ್ ಆರಂಭಿಸಿದರು. ಮಾರ್ಟಿನ್ ಬ್ಲೇ ಪೈಥಾನಿನಲ್ಲಿ ಬೀನ್‌ಕೌಂಟ್ ಕಟ್ಟಿದರು. ಕೈಯಿಂದ ನಮೂದಿಸಿ ಬೇಸತ್ತವರು ತಮ್ಮ ತಮ್ಮ ಬ್ಯಾಂಕಿಗೆ ತಕ್ಕಂತೆ ಸ್ಕ್ರಿಪ್ಟ್ ಬರೆದುಕೊಂಡರು. ಬ್ಯಾಂಕು ಕಾಲಂಗಳ ಕ್ರಮ ಬದಲಿಸಿತೆಂದರೆ ಸ್ಕ್ರಿಪ್ಟ್ ಕೆಡುತ್ತಿತ್ತು. ಕೆಟ್ಟು ನಿಂತುಬಿಟ್ಟರೆ ಚಿಂತೆಯಿಲ್ಲ, ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಸದ್ದಿಲ್ಲದೆ ತಪ್ಪು ಬರೆಯುತ್ತ ಹೋಗುವುದೇ ನಿಜವಾದ ಅಪಾಯ. ಭಾರತದ ಸ್ಟೇಟ್‌ಮೆಂಟೊಂದರಲ್ಲಿ 03/04/2023 ಎಂದಿದ್ದರೆ ಅದು ಏಪ್ರಿಲ್ 3. ತಿಂಗಳನ್ನು ಮೊದಲು ಓದುವ ಕೋಡ್ ಅದನ್ನು ಮಾರ್ಚ್ 4 ಎಂದುಕೊಂಡು ಹಿಂದಿನ ಹಣಕಾಸು ವರ್ಷಕ್ಕೆ ತಳ್ಳುತ್ತದೆ. 1,25,000.00 ಎಂಬ ಮೊತ್ತವನ್ನು, ಅಲ್ಪವಿರಾಮ ಕಂಡಲ್ಲೆಲ್ಲ ಸಾಲು ಕತ್ತರಿಸುವ ಕೋಡ್ ಮೂರು ತುಂಡು ಮಾಡುತ್ತದೆ.

ಇದಕ್ಕೆ ಗಟ್ಟಿಯಾದ ಪರಿಹಾರ ರೂಪುಗೊಂಡದ್ದು ಬೀನ್‌ಕೌಂಟ್ ಬಳಗದಲ್ಲಿ. ಬ್ಲೇ ಅವರ ಲೆಡ್ಜರ್‌ಹಬ್ ಯೋಜನೆಯಲ್ಲಿ ಬೆಳೆದ ವಿಚಾರಗಳು ಮುಂದೆ ಬೀನ್‌ಕೌಂಟ್ ಎರಡನೆಯ ಆವೃತ್ತಿಯ ಇಂಜೆಸ್ಟ್ ಭಾಗವಾದವು. ಅಲ್ಲಿನ ಕ್ರಮ ಸರಳ: ಬ್ಯಾಂಕಿನ ಅಸಲಿ ಕಡತವನ್ನೇ ಇಂಪೋರ್ಟರಿನ ಪಕ್ಕದಲ್ಲಿಡುವುದು, ಅದರಿಂದ ಹೊರಡಬೇಕಾದ ನಮೂದುಗಳು, ಖಾತೆಯ ಹೆಸರು, ತಾರೀಖು, ಕಡತದ ಹೆಸರು ಇವನ್ನು ಜೊತೆಯ ಕಡತಗಳಲ್ಲಿ ಬರೆದಿಡುವುದು. ಕೋಡ್ ತಿದ್ದಿದಾಗಲೆಲ್ಲ ಪರೀಕ್ಷೆ ಓಡಿಸಿದರೆ, ವ್ಯತ್ಯಾಸವಿರುವ ಸಾಲು ಎದುರಿಗೆ ಬರುತ್ತದೆ. ಬ್ಯಾಂಕು ಹೊಸ ನಮೂನೆ ತಂದರೆ ಹಳೆಯದನ್ನು ಅಳಿಸದೆ ಹೊಸ ಕಡತವನ್ನೂ ಸೇರಿಸುತ್ತಾರೆ. ನಿರೀಕ್ಷಿತ ಫಲಿತವೂ ಲೆಕ್ಕದ ಪುಸ್ತಕದ ಭಾಷೆಯಲ್ಲೇ ಇರುವುದರಿಂದ ಪ್ರೋಗ್ರಾಮರ್ ಅಲ್ಲದವರೂ ಅದನ್ನು ಓದಿ ಪರಿಶೀಲಿಸಬಲ್ಲರು. ಈ ವಿಧಾನದ ಅತಿ ದೊಡ್ಡ ಗುಣ ಇದೇ.

2024ರಲ್ಲಿ ಹೊರಬಂದ ಮೂರನೆಯ ಆವೃತ್ತಿಯಲ್ಲಿ ಈ ಭಾಗ ಬೀನ್‌ಗಲ್ಪ್ ಎಂಬ ಪ್ರತ್ಯೇಕ ತಂತ್ರಾಂಶವಾಯಿತು. ಅದರ ‘ಜನರೇಟ್’ ಆದೇಶ ನಿರೀಕ್ಷಿತ ಕಡತವನ್ನು ಸಿದ್ಧಪಡಿಸಿದರೆ ‘ಟೆಸ್ಟ್’ ಹೋಲಿಸುತ್ತದೆ. ಎಚ್‌ಲೆಡ್ಜರ್ ಬೇರೆ ದಾರಿ ಹಿಡಿಯಿತು: ಕೋಡಿನ ಬದಲು ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ) ಕಡತಕ್ಕೊಂದು ನಿಯಮಗಳ ಪಟ್ಟಿ. ಪುಸ್ತಕಕ್ಕೆ ಸೇರಿಸುವ ಮುನ್ನ ‘ಡ್ರೈ ರನ್’ ಮಾಡಿ ನಮೂದುಗಳನ್ನು ನೋಡಿಕೊಳ್ಳಬಹುದು.

ಅಸಲಿ ಕಡತದಲ್ಲಿ ಖಾತೆ ಸಂಖ್ಯೆ, ಸಂಬಳ, ಔಷಧದಂಗಡಿಯ ಬಿಲ್ಲು ಎಲ್ಲವೂ ಇರುತ್ತವೆ. ಹಾಗಾಗಿ ಅದನ್ನು ಖಾಸಗಿ ಭಂಡಾರದಲ್ಲೇ ಇಡಬೇಕು, ಹಂಚುವುದಾದರೆ ವಿವರ ಅಳಿಸಬೇಕು. ಆದರೆ ಅಳಿಸುವಾಗ ಖಾಲಿ ಸಾಲು, ಒಡೆದ ವಿವರಣೆಗಳಂಥ ಒರಟುತನವನ್ನು ಉಳಿಸಿಕೊಳ್ಳದಿದ್ದರೆ ಪರೀಕ್ಷೆ ಪೊಳ್ಳಾಗುತ್ತದೆ.

ಇನ್ನೊಂದು ಮಿತಿಯೂ ಇದೆ. ಮೊದಲ ಸಲವೇ ತಪ್ಪಾಗಿ ಸಿದ್ಧವಾದ ಫಲಿತವನ್ನು ಯಾರೂ ಓದದೆ ಒಪ್ಪಿದರೆ ಆ ತಪ್ಪೇ ಮಾದರಿಯಾಗುತ್ತದೆ. ಅದನ್ನು ಹಿಡಿಯಲು ನೆರವಾಗುವುದು ಸ್ಟೇಟ್‌ಮೆಂಟಿನ ಶಿಲ್ಕು. ಬೀನ್‌ಕೌಂಟ್ ಶಿಲ್ಕನ್ನು ದಿನದ ಆರಂಭಕ್ಕೆ ತಾಳೆ ನೋಡುವುದರಿಂದ, ಮಾರ್ಚ್ 31ರ ಅಂತಿಮ ಶಿಲ್ಕನ್ನು ಏಪ್ರಿಲ್ 1ರ ತಾರೀಖಿನಲ್ಲಿ ಬರೆಯಬೇಕು.