ಔಷಧಜ್ಞನು ರೋಗಿಯ ಮಂಚದೆಡೆಗೆ ಬಂದ ಬಗೆ

ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕೂ ಚಿಕಿತ್ಸೆಯ ಪಾದಗಳೆಂದು ಚರಕಸಂಹಿತೆಯ ಸೂತ್ರಸ್ಥಾನವು ಹೇಳುವುದು. ಇವುಗಳಲ್ಲಿ ಔಷಧಕ್ಕೆ ಸ್ಥಾನವುಂಟು. ಔಷಧವನ್ನು ಕಾಯುವವನಿಗೆ ಪ್ರತ್ಯೇಕಸ್ಥಾನವಿಲ್ಲ. ವೈದ್ಯನೇ ಮೂಲಿಕೆಯನ್ನರಿತು, ಅರೆದು ಕೊಡುತ್ತಿದ್ದ ಕಾಲಕ್ಕೆ ಅದು ಸಹಜವೇ ಸರಿ. ಔಷಧಗಳು ಹೆಚ್ಚಿ, ಆಸ್ಪತ್ರೆಗಳು ಬೆಳೆದ ಮೇಲೆ ಆ ಹೊಣೆಯು ಬೇರೊಬ್ಬನ ಕೈಸೇರಿತು. ಆತನ ಚರಿತ್ರೆಯನ್ನು ಭಕ್ತಮಹಾಶಯರ ಮುಂದೆ ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಯೂರೋಪಿನಲ್ಲಿ 13ನೆಯ ಶತಮಾನದಲ್ಲಿಯೇ ಚಕ್ರವರ್ತಿ ಎರಡನೆಯ ಫ್ರೆಡರಿಕನು ವೈದ್ಯವೃತ್ತಿಯನ್ನೂ ಔಷಧವೃತ್ತಿಯನ್ನೂ ಶಾಸನದಿಂದ ಬೇರ್ಪಡಿಸಿದನು. ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ಆಸ್ಪತ್ರೆಯು 1752ರಲ್ಲಿ ಜೋನಾಥನ್ ರಾಬರ್ಟ್ಸ್ ಎಂಬವನನ್ನು ಔಷಧಕಾರ್ಯಕ್ಕೆ ನಿಯಮಿಸಿತು. ನಮ್ಮ ದೇಶದಲ್ಲಿ ಈ ಕೆಲಸವು ಕಾಂಪೌಂಡರನದಾಗಿದ್ದಿತು. ವೈದ್ಯನು ಬರೆದ ಚೀಟಿಯಂತೆ ಮಿಶ್ರಣವನ್ನು ಕಲಸಿ, ಶೀಸೆಗೆ ಅಳತೆಯ ಕಾಗದದ ಪಟ್ಟಿಯನ್ನಂಟಿಸಿ ಕೊಟ್ಟಲ್ಲಿಗೆ ಆತನ ಕರ್ತವ್ಯವು ಮುಗಿಯುತ್ತಿದ್ದಿತು. 1932ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಮಹಾದೇವಲಾಲ್ ಶ್ರಾಫರು ಔಷಧಶಾಸ್ತ್ರದ ವ್ಯಾಸಂಗವನ್ನಾರಂಭಿಸಿದರು. 1948ರ ಫಾರ್ಮಸಿ ಶಾಸನವು ಆ ವಿದ್ಯೆಗೂ ವೃತ್ತಿಗೂ ಕಟ್ಟಳೆಯನ್ನೇರ್ಪಡಿಸಿತು. ಕಾಂಪೌಂಡರನ ಎಡೆಗೆ ಫಾರ್ಮಸಿಸ್ಟನೆಂಬ ಔಷಧಜ್ಞನು ಬಂದನು. ಆದರೂ ಆತನು ಕಿಟಕಿಯ ಹಿಂದೆಯೇ ನಿಂತಿದ್ದನು.

ಅಷ್ಟರಲ್ಲಿ ಔಷಧಗಳ ಪ್ರಭಾವವು ತೀವ್ರವಾಯಿತು. ಒಂದು ಮದ್ದು ಮತ್ತೊಂದರೊಡನೆ ಸೇರಿ ಕೆಡುಕು ಮಾಡಬಹುದು. ಮೂತ್ರಪಿಂಡಗಳು ಕುಂದಿದವನಿಗೆ ವಾಡಿಕೆಯ ಪ್ರಮಾಣವೇ ಅತಿಯಾಗಬಹುದು. ಇದನ್ನು ಕಿಟಕಿಯ ಹಿಂದಿನಿಂದ ಕಾಣುವುದೆಂತು? 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾನಿಲಯದ ಆಸ್ಪತ್ರೆಯ ಒಂಬತ್ತನೆಯ ಅಂತಸ್ತಿನಲ್ಲಿ ಔಷಧಜ್ಞರನ್ನು ರೋಗಿಗಳ ವಾರ್ಡಿನಲ್ಲಿಯೇ ನಿಲ್ಲಿಸಿ, ವೈದ್ಯರೊಡನೆಯೂ ದಾದಿಯರೊಡನೆಯೂ ಕೂಡಿ ಕೆಲಸ ಮಾಡುವ ಪ್ರಯೋಗವನ್ನು ನಡೆಸಿದರು. ಬಾಸ್ಟನ್ ನಗರದ ಆಸ್ಪತ್ರೆಯೊಂದರ ತೀವ್ರನಿಗಾ ಘಟಕದಲ್ಲಿ ವೈದ್ಯರೊಡನೆ ಔಷಧಜ್ಞನೂ ರೋಗಿಗಳನ್ನು ನೋಡುತ್ತ ಬಂದಾಗ, ಔಷಧವನ್ನು ಬರೆಯುವಲ್ಲಿನ ತಪ್ಪಿನಿಂದುಂಟಾಗುವ, ತಡೆಯಬಹುದಾದ ಹಾನಿಗಳು ನೂರಕ್ಕೆ 66ರಷ್ಟು ಇಳಿದುವೆಂದು 1999ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು.

ಈ ಮಾರ್ಗವು ಕನ್ನಡನಾಡಿಗೆ ಬಂದುದು ಮಠದ ದ್ವಾರದಿಂದಲೇ ಎಂಬುದು ನಮಗೆ ಹರ್ಷದ ವಿಷಯವು. ಸುತ್ತೂರು ಶ್ರೀಕ್ಷೇತ್ರದ ಪೂಜ್ಯ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಸ್ಥಾಪಿಸಿದ ವಿದ್ಯಾಪೀಠಕ್ಕೆ ಸೇರಿದ ಮೈಸೂರಿನ ಫಾರ್ಮಸಿ ಕಾಲೇಜು 1973ರಲ್ಲಿ ಆರಂಭವಾಯಿತು. 1990ರ ದಶಕದ ಉತ್ತರಾರ್ಧದಲ್ಲಿ ಅಲ್ಲಿ, ವಾರ್ಡಿನಲ್ಲಿದ್ದುಕೊಂಡು ಔಷಧಸೇವೆಯನ್ನು ಕಲಿಯುವ ಸ್ನಾತಕೋತ್ತರ ವ್ಯಾಸಂಗವು ಮೊದಲಾಯಿತು. 2008ರಲ್ಲಿ ಆರು ವರ್ಷದ ಫಾರ್ಮ್ ಡಿ ವ್ಯಾಸಂಗವು ದೇಶದಲ್ಲಿ ಜಾರಿಗೆ ಬಂದಿತು.

ಆದರೂ ಅನೇಕ ಆಸ್ಪತ್ರೆಗಳಲ್ಲಿ ಔಷಧಜ್ಞನನ್ನು ಮಾತ್ರೆಯೆಣಿಸುವವನೆಂದೇ ಭಾವಿಸುವರು. ಇದರಿಂದ ನಷ್ಟವಾಗುವುದು ಆತನಿಗಲ್ಲ, ರೋಗಿಗೆ. ಆದಕಾರಣ ಆಸ್ಪತ್ರೆಗಳನ್ನು ನಡೆಸುವ ಧರ್ಮಿಷ್ಠರು ಆತನಿಗೆ ವೈದ್ಯರ ಸಾಲಿನಲ್ಲಿ ಎಡೆಮಾಡಿಕೊಡಲಿ. ಭಕ್ತರಾದ ನಾವೂ ತಾವು ಸೇವಿಸುವ ಮದ್ದುಗಳೆಲ್ಲವನ್ನು, ಮನೆಯ ಕಷಾಯ ನಾರುಬೇರುಗಳನ್ನೂ ಬಿಡದೆ, ಆತನಿಗೆ ಮುಚ್ಚುಮರೆಯಿಲ್ಲದೆ ತಿಳಿಸೋಣ. ಜೀವವನ್ನು ಕಾಯುವ ಕಾಯಕದಲ್ಲಿ ಮೇಲುಕೀಳೆಂಬುದಿಲ್ಲ.