ಮರಕುಟಿಗದ ಹದಿಮೂರು ವರ್ಷ

1976ರ ಜುಲೈ ತಿಂಗಳಲ್ಲಿ ಜಗತ್ತಿನ ಶಾರ್ಟ್‌ವೇವ್ ರೇಡಿಯೊಗಳಲ್ಲಿ ಹೊಸದೊಂದು ಸದ್ದು ಕೇಳತೊಡಗಿತು. ಟಕ್ ಟಕ್ ಟಕ್ ಎಂದು ಸೆಕೆಂಡಿಗೆ ಹತ್ತು ಸಲ, ಒಣಮರಕ್ಕೆ ಹಕ್ಕಿಯೊಂದು ಕೊಕ್ಕಿನಿಂದ ಕುಟ್ಟಿದ ಹಾಗೆ. ವಾರ್ತೆ ಕೇಳುವವರಿಗೂ, ಹಡಗುಗಳಿಗೂ, ವಿಮಾನಗಳಿಗೂ ಅದರ ಕಾಟ ತಪ್ಪಲಿಲ್ಲ. ಆದರೆ ಅದರಿಂದ ಹೆಚ್ಚು ರೋಸಿಹೋದವರು ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು. ಅವರ 7 ಮತ್ತು 14 ಮೆಗಾಹರ್ಟ್ಸ್ ಪಟ್ಟಿಗಳ ಮೇಲೆಯೇ ಈ ಸದ್ದು ಬಂದು ಕೂರುತ್ತಿತ್ತು. ಅವರೇ ಅದಕ್ಕೆ 'ರಷ್ಯನ್ ಮರಕುಟಿಗ' ಎಂದು ಹೆಸರಿಟ್ಟರು.

ಹ್ಯಾಮ್‌ಗಳ ಲೋಕದಲ್ಲಿ ಹೆಸರು ಹೇಳದೆ ಮಾತಾಡುವಂತಿಲ್ಲ. ಸರಕಾರ ಪರೀಕ್ಷೆ ನಡೆಸಿ ಪರವಾನಗಿ ಕೊಡುತ್ತದೆ, ಅದರೊಂದಿಗೆ ಒಂದು ಕರೆಸಂಕೇತವನ್ನೂ ಕೊಡುತ್ತದೆ. ನಮ್ಮ ದೇಶದವರ ಸಂಕೇತ ಸಾಮಾನ್ಯವಾಗಿ 'ವಿಯು' ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬಹುದು ಎಂಬುದಕ್ಕೂ ಮಿತಿಯಿದೆ. ಭಾರತದಲ್ಲಿ ಅದು ಹೆಚ್ಚೆಂದರೆ 400 ವ್ಯಾಟ್. ಮರಕುಟಿಗದ ಶಕ್ತಿ ಹತ್ತು ಮೆಗಾವ್ಯಾಟ್‌ವರೆಗೂ ಇತ್ತೆಂದು ಅಂದಾಜು. ಊರಿನ ಸಭೆಯಲ್ಲಿ ಅಪರಿಚಿತನೊಬ್ಬ ನಗಾರಿ ಬಾರಿಸುತ್ತಾ ಕುಳಿತಂತೆ. ಯಾರೆಂದು ಕೇಳಿದರೆ ಉತ್ತರವಿಲ್ಲ.

ಉತ್ತರವಿಲ್ಲದ ಕಡೆ ವದಂತಿ ಬೆಳೆಯುತ್ತದೆ. ಸೋವಿಯತ್ ಒಕ್ಕೂಟ ಹವಾಮಾನವನ್ನೇ ಬದಲಿಸಲು ಹೊರಟಿದೆ ಎಂದು ಕೆಲವರು ಹೇಳಿದರು. ಮನುಷ್ಯನ ಮೆದುಳಿನ ಆಲ್ಫಾ ಅಲೆಗಳು ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುತ್ತವೆ, ಮರಕುಟಿಗ ಕುಟ್ಟುವುದು ಹತ್ತು ಬಾರಿ. ಹಾಗಾದರೆ ಇದು ಅಮೆರಿಕದವರ ಮನಸ್ಸನ್ನು ಹಿಡಿತಕ್ಕೆ ತರುವ ಯಂತ್ರವೇ ಸರಿ ಎಂದರು ಇನ್ನು ಕೆಲವರು. ಎರಡು ಅಂಕಿಗಳು ಹೊಂದಿಕೊಂಡವು ಎಂಬುದರ ಹೊರತು ಇದಕ್ಕೆ ಬೇರೆ ಪುರಾವೆ ಇರಲಿಲ್ಲ. ಶೀತಲ ಸಮರದ ಕಾಲದಲ್ಲಿ ಅಷ್ಟೇ ಸಾಕಿತ್ತು.

ಹ್ಯಾಮ್‌ಗಳು ಇನ್ನೊಂದು ದಾರಿ ಹಿಡಿದರು. ತಿರುಗಿಸಬಹುದಾದ ಆಂಟೆನಾವನ್ನು ನಿಧಾನವಾಗಿ ಸುತ್ತಿಸಿದರೆ ಒಂದು ದಿಕ್ಕಿನಲ್ಲಿ ಸದ್ದು ಗಟ್ಟಿಯಾಗಿ ಕೇಳುತ್ತದೆ. ಆ ದಿಕ್ಕಿಗೆ ಒಂದು ಗೆರೆ ಎಳೆಯಬೇಕು. ಇನ್ನೊಂದು ದೇಶದ ಹ್ಯಾಮ್ ತನ್ನ ಮನೆಯಿಂದ ಮತ್ತೊಂದು ಗೆರೆ ಎಳೆಯಬೇಕು. ಎರಡೂ ಸೇರುವ ಕಡೆ ಹಕ್ಕಿಯ ಗೂಡು. ಆದರೆ ಈ ಗೆರೆಗಳನ್ನು ಗೋಡೆಯ ಮಟ್ಟಸ ನಕ್ಷೆಯ ಮೇಲೆ ಎಳೆದರೆ ಪ್ರಯೋಜನವಿಲ್ಲ. ರೇಡಿಯೊ ಅಲೆ ಗೋಳದ ಮೇಲಿನ ಅತ್ಯಂತ ಹತ್ತಿರದ ದಾರಿ ಹಿಡಿಯುತ್ತದೆ. ನಕ್ಷೆಯಲ್ಲಿ ನೋಡಿದರೆ ಮಕ್ಕಾ ನ್ಯೂಯಾರ್ಕಿಗೆ ಆಗ್ನೇಯದಲ್ಲಿದೆ. ಅಲ್ಲಿನ ಮುಸ್ಲಿಮರು ನಮಾಝಿಗೆ ನಿಲ್ಲುವುದು ಈಶಾನ್ಯಕ್ಕೆ ಮುಖ ಮಾಡಿ. ಕಾರಣ ಅದೇ. ಹನ್ನೊಂದನೇ ಶತಮಾನದಲ್ಲಿ ಅಲ್‌ಬಿರೂನಿ ಘಝ್ನಿ ಪಟ್ಟಣದ ಕಿಬ್ಲಾವನ್ನು ಲೆಕ್ಕ ಹಾಕಿದ ಗೋಳಗಣಿತಕ್ಕೂ ಹ್ಯಾಮ್‌ಗಳು ಮರಕುಟಿಗದ ದಿಕ್ಕು ಹಿಡಿದ ಲೆಕ್ಕಕ್ಕೂ ಮೂಲತಃ ವ್ಯತ್ಯಾಸವಿಲ್ಲ.

ಗೆರೆಗಳು ಸೋವಿಯತ್ ಒಕ್ಕೂಟದ ಪಶ್ಚಿಮ ಭಾಗಕ್ಕೆ ಬಂದು ಸೇರಿದವು. ಇನ್ನು ಅದು ಏನು ಎಂಬ ಪ್ರಶ್ನೆ. ಆ ಸದ್ದೇ ಅದಕ್ಕೂ ಸುಳಿವು ಕೊಟ್ಟಿತು. ಎರಡು ಬಡಿತಗಳ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗದ ಅಂತರ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಅಲೆ ಅಷ್ಟರಲ್ಲಿ 30,000 ಕಿಲೋಮೀಟರ್ ಸಾಗುತ್ತದೆ. ಹೋಗಿ ತಟ್ಟಿ ಹಿಂದಿರುಗಬೇಕಾದರೆ ಅರ್ಧ, 15,000 ಕಿಲೋಮೀಟರ್. ಅಂದರೆ ಮುಂದಿನ ಬಡಿತ ಹೊರಡುವ ಮುನ್ನ ಭೂಮಿಯ ಇನ್ನೊಂದು ಮಗ್ಗುಲಿನಿಂದ ಪ್ರತಿಧ್ವನಿ ಮರಳಿ ಬರಬೇಕೆಂದು ಯಾರೋ ಕಾಯುತ್ತಿದ್ದಾರೆ. ಅದು ರಾಡಾರ್! ದಿಗಂತದಾಚೆ ಅಮೆರಿಕದ ಕ್ಷಿಪಣಿ ಹಾರಿದರೆ ತಿಳಿಯಲೆಂದು, ಆಕಾಶದ ಅಯಾನುಗೋಳಕ್ಕೆ ಅಲೆ ತಾಗಿಸಿ ಬಗ್ಗಿಸಿ ಕಳಿಸುತ್ತಿದ್ದ ಎಚ್ಚರಿಕೆಯ ಕಣ್ಣು.

ಕೋಪ ತಾಳದ ಕೆಲವು ಹ್ಯಾಮ್‌ಗಳು ಅದೇ ತಾಳದಲ್ಲಿ ತಾವೂ ಬಡಿತ ಕಳಿಸಿ ಸೇಡು ತೀರಿಸಿಕೊಂಡರು. ಆಗ ಮರಕುಟಿಗ ಬೇರೆ ಕಂಪನಾಂಕಕ್ಕೆ ಹಾರುತ್ತಿತ್ತಂತೆ. ಹಲವು ದೇಶಗಳು ಅಧಿಕೃತವಾಗಿ ದೂರು ಕೊಟ್ಟವು. ಸದ್ದು ನಿಲ್ಲಲಿಲ್ಲ.

ಅದರ ಹೆಸರು 'ದುಗಾ' ಎಂಬುದು ಹೊರಜಗತ್ತಿಗೆ ಖಚಿತವಾದದ್ದು ಸೋವಿಯತ್ ಒಕ್ಕೂಟ ಕುಸಿದ ಮೇಲೆ. ಪ್ರಸಾರದ ಆಂಟೆನಾ ಉಕ್ರೇನಿನ ಲ್ಯೂಬೆಚ್ ಬಳಿ. ಪ್ರತಿಧ್ವನಿ ಕೇಳುವ ಆಂಟೆನಾ ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರ, ಚೆರ್ನೋಬಿಲ್ ಅಣುಸ್ಥಾವರದ ಮಗ್ಗುಲಿನ ಕಾಡಿನಲ್ಲಿ. 150 ಮೀಟರ್ ಎತ್ತರದ ಉಕ್ಕಿನ ಗೋಡೆ ಅದು. 1986ರ ಏಪ್ರಿಲ್ 26ರಂದು ಸ್ಥಾವರ ಸಿಡಿದಾಗ ಕ್ಷಿಪಣಿಗಾಗಿ ಹತ್ತು ವರ್ಷ ಕಣ್ಣಿಟ್ಟು ಕುಳಿತಿದ್ದ ಆ ಗೋಡೆಯ ಬುಡಕ್ಕೇ ವಿಕಿರಣ ಬಂತು. ಸದ್ದು ಕ್ರಮೇಣ ಕ್ಷೀಣಿಸಿ 1989ರ ಡಿಸೆಂಬರಿನಲ್ಲಿ ನಿಂತಿತು.

ಈ ಹಳೆಯ ಕತೆಯನ್ನು ನಾವು ತೆಗೆದದ್ದಕ್ಕೆ ಕಾರಣವಿದೆ. 2016ರಲ್ಲಿ ಪಶ್ಚಿಮ ಬಂಗಾಳದ ಹ್ಯಾಮ್‌ಗಳು ಬಾಂಗ್ಲಾ ಗಡಿಯ ಕಡೆ ಕರೆಸಂಕೇತ ಹೇಳದ ಧ್ವನಿಗಳು ರಾತ್ರಿ ಹೊತ್ತು ಕೇಳಿಬರುತ್ತಿವೆ ಎಂದು ಅಧಿಕಾರಿಗಳಿಗೆ ತಿಳಿಸಿದರು. ಮಾತು ಬಂಗಾಳಿ ಮತ್ತು ಉರ್ದುವಿನಲ್ಲಿತ್ತು. ಯಾರೆಂದು ಕೇಳಿದರೆ ಮೌನ. ಪರವಾನಗಿ ಇಲ್ಲದ ಪ್ರಸಾರ ತಪ್ಪು, ಅದನ್ನು ತಿಳಿಸಿದ್ದು ಸರಿ. ಆದರೆ ಸುದ್ದಿ ಹರಡಿದಾಗ ಧ್ವನಿ ಯಾವ ಜಾಗದ್ದು ಎಂಬುದಕ್ಕಿಂತ ಮೊದಲು 'ಭಯೋತ್ಪಾದಕರ ಶಂಕೆ' ಎಂಬ ಮಾತೇ ಶೀರ್ಷಿಕೆಗೆ ಏರಿತು. ಬಂಗಾಳಿ ಆ ರಾಜ್ಯದ ಮನೆಮಾತು. ಉರ್ದು ನಮ್ಮ ಬೀದರ್, ಕಲಬುರಗಿ, ಬೆಂಗಳೂರಿನ ಲಕ್ಷಾಂತರ ಮನೆಗಳ ಅಡುಗೆಕೋಣೆಯ ಮಾತು. ಒಬ್ಬ ಮಾತಾಡಿದ ಭಾಷೆಯಿಂದ ಅವನ ಆಂಟೆನಾ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ, ಅವನ ಉದ್ದೇಶವಂತೂ ಗೊತ್ತಾಗುವುದೇ ಇಲ್ಲ. ಮರಕುಟಿಗಕ್ಕೆ ಭಾಷೆಯೇ ಇರಲಿಲ್ಲ. ಆದರೂ ಅದರ ಗೂಡು ಸಿಕ್ಕಿತು. ಆ ದಿನಗಳಲ್ಲಿ ಕೋಲ್ಕತ್ತದ ರೇಡಿಯೊ ನಿಗಾ ಕೇಂದ್ರದವರು ಹ್ಯಾಮ್‌ಗಳಿಗೆ ಹೇಳಿದ್ದೂ ಇಷ್ಟೇ: ಕೇಳುತ್ತಿರಿ, ಮೂಲ ಎಲ್ಲಿದೆ ಎಂದು ಪತ್ತೆಹಚ್ಚಿ.